ದೊಡ್ಡ ಕರುಳಿನ ಕ್ಯಾನ್ಸರ್: ರಿಪೋರ್ಟಿನಲ್ಲಿರುವ ಗುರುತು ಪ್ರೋಟೀನುಗಳನ್ನು ತಿಳಿಯುವುದು ಹೇಗೆ?



ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್ ಎಂದು ತಿಳಿದ ಕುಟುಂಬದವರ ಕೈಗೆ ಕೆಲವೇ ದಿನಗಳಲ್ಲಿ ಒಂದು ದಪ್ಪ ಫೈಲು ಬರುತ್ತದೆ. ಅದರಲ್ಲಿ ಸ್ಕ್ಯಾನ್, ಬಯಾಪ್ಸಿ ವರದಿಗಳ ಜೊತೆಗೆ ಸಿ.ಇ.ಎ. ಎಂಬ ರಕ್ತ ಪರೀಕ್ಷೆ ಇರುತ್ತದೆ. ಎಂ.ಎಲ್.ಎಚ್.1, ಎಂ.ಎಸ್.ಎಚ್.2, ಕೆ-ರಾಸ್, ಪಿ53 ಮುಂತಾದ ಅರ್ಥವಾಗದ ಹೆಸರುಗಳೂ ಇರುತ್ತವೆ. ಅಂಕಿಯ ಪಕ್ಕದಲ್ಲಿ 'ಹೆಚ್ಚು' ಎಂಬ ಗುರುತು ಕಂಡ ಕೂಡಲೇ ಎಷ್ಟೋ ಜನ ಕಂಗಾಲಾಗುತ್ತಾರೆ. ಅಂಕಿ ಸರಿಯಿದೆ ಎಂದು ಕಂಡ ಇನ್ನು ಕೆಲವರು ರೋಗ ಹೋಯಿತೆಂದು ತಿಳಿದು ಮುಂದಿನ ತಪಾಸಣೆಗೆ ಬರುವುದನ್ನೇ ಬಿಡುತ್ತಾರೆ. ಎರಡೂ ತಪ್ಪು.

ಒಂದು ಸಲದ ಅಂಕಿಯಿಂದ ರೋಗಿಯ ಭವಿಷ್ಯ ನಿರ್ಧಾರವಾಗುವುದಿಲ್ಲ. ಆದರೆ ಕ್ರಮವಾಗಿ ಮಾಡಿಸಿದ ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮರುಕಳಿಸಿದ ರೋಗವನ್ನು ಬೇಗ ಹಿಡಿಯಬಹುದು, ತಕ್ಕ ಔಷಧಿಯನ್ನು ಆರಿಸಬಹುದು, ಮನೆಯ ಮಕ್ಕಳನ್ನೂ ಕಾಪಾಡಬಹುದು. ಆದ್ದರಿಂದ ಈ ಗುರುತುಗಳ ಅರ್ಥವನ್ನು ನೀವು ತಿಳಿದಿರುವುದು ಅವಶ್ಯಕ.

ಗಡ್ಡೆ ಹೇಗೆ ಬೆಳೆಯುತ್ತದೆ?

ನಾವು ಉಂಡ ಅನ್ನ ಸಣ್ಣ ಕರುಳಿನಲ್ಲಿ ಜೀರ್ಣವಾಗಿ, ಉಳಿದದ್ದು ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿ ನೀರಿನ ಅಂಶ ಹೀರಲ್ಪಟ್ಟು ಮಲವಾಗಿ, ಗುದನಾಳದ ಮೂಲಕ ಹೊರಹೋಗುತ್ತದೆ. ಈ ಕರುಳಿನ ಒಳಪದರದ ಜೀವಕೋಶಗಳು ಕೆಲವೇ ದಿನಗಳಲ್ಲಿ ಸವೆದು ಉದುರಿ, ಅವುಗಳ ಜಾಗಕ್ಕೆ ಹೊಸವು ಬರುತ್ತಿರುತ್ತವೆ. ಎಷ್ಟು ಸವೆಯಿತೋ ಅಷ್ಟೇ ಹುಟ್ಟಬೇಕು. ಈ ಲೆಕ್ಕವನ್ನು ಕಾಯುವವು ಜೀವಕೋಶದೊಳಗಿನ ಪ್ರೋಟೀನುಗಳು. ಆ ಪ್ರೋಟೀನುಗಳನ್ನು ತಯಾರಿಸುವ ಸೂಚನೆ ಇರುವುದು ವಂಶವಾಹಿಗಳಲ್ಲಿ, ಅಂದರೆ ಜೀನ್‌ಗಳಲ್ಲಿ. ಜೀನ್ ಕೆಟ್ಟರೆ ಪ್ರೋಟೀನು ಕೆಡುತ್ತದೆ, ಪ್ರೋಟೀನು ಕೆಟ್ಟರೆ ಲೆಕ್ಕ ತಪ್ಪುತ್ತದೆ.

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಎರಿಕ್ ಫಿಯರನ್ ಮತ್ತು ಬರ್ಟ್ ವೋಗೆಲ್‌ಸ್ಟೀನ್ ಎಂಬ ವಿಜ್ಞಾನಿಗಳು 1990ರಲ್ಲಿ ಒಂದು ಮುಖ್ಯ ವಿಷಯವನ್ನು ವಿವರಿಸಿದರು. ದೊಡ್ಡ ಕರುಳಿನ ಕ್ಯಾನ್ಸರ್ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಒಂದಾದ ಮೇಲೊಂದರಂತೆ ಹಲವು ಜೀನ್‌ಗಳು ಕೆಟ್ಟು, ಮೆಟ್ಟಿಲು ಮೆಟ್ಟಿಲಾಗಿ ಅದು ಬೆಳೆಯುತ್ತದೆ. ಮುಖ್ಯವಾದ ಮೂರು ಮೆಟ್ಟಿಲುಗಳನ್ನು ಹೀಗೆ ತಿಳಿಯಬಹುದು.

1) ಎ.ಪಿ.ಸಿ. ಪ್ರೋಟೀನು: ಇದು ಕಾಲುವೆಯ ತೂಬಿನಂತೆ. 'ಬೆಳೆಯಿರಿ' ಎಂದು ಸೂಚನೆ ಕೊಡುವ ಬೀಟಾ-ಕೆಟೆನಿನ್ ಎಂಬ ಇನ್ನೊಂದು ಪ್ರೋಟೀನು ಮಿತಿ ಮೀರದಂತೆ ತಡೆಯುತ್ತದೆ. ತೂಬು ಒಡೆದರೆ ನೀರು ನುಗ್ಗಿದಂತೆ ಜೀವಕೋಶಗಳು ಹೆಚ್ಚತೊಡಗುತ್ತವೆ. ಕರುಳಿನ ಒಳಗೋಡೆಯಲ್ಲಿ ಸಣ್ಣ ಗಂಟು ಏಳುತ್ತದೆ. ಇದಕ್ಕೆ ಪಾಲಿಪ್ ಎನ್ನುತ್ತಾರೆ. ಇದು ಇನ್ನೂ ಕ್ಯಾನ್ಸರ್ ಅಲ್ಲ.

2) ಕೆ-ರಾಸ್ ಪ್ರೋಟೀನು: ಇದು ಪಂಪ್‌ಸೆಟ್ಟಿನ ಸ್ವಿಚ್ಚಿನಂತೆ. ಬೇಕಾದಾಗ ಚಾಲೂ ಆಗಿ, ಬೇಡವಾದಾಗ ಬಂದ್ ಆಗಬೇಕು. ಇದು ಕೆಟ್ಟರೆ ಸ್ವಿಚ್ಚು ಚಾಲೂ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಪಾಲಿಪ್ ದೊಡ್ಡದಾಗುತ್ತದೆ.

3) ಪಿ53 ಪ್ರೋಟೀನು: ಇದು ಕಾವಲುಗಾರ. ಜೀವಕೋಶದಲ್ಲಿ ಜೀನ್‌ಗಳು ಕೆಟ್ಟಿದ್ದು ಕಂಡರೆ ಅದರ ಬೆಳವಣಿಗೆಯನ್ನು ನಿಲ್ಲಿಸುತ್ತದೆ, ದುರಸ್ತಿಯಾಗದಿದ್ದರೆ ಆ ಜೀವಕೋಶ ಸಾಯುವಂತೆ ಮಾಡುತ್ತದೆ. ಕಾವಲುಗಾರನೇ ಇಲ್ಲವಾದಾಗ ಕೆಟ್ಟ ಜೀವಕೋಶಗಳು ಉಳಿದುಕೊಂಡು ಕರುಳಿನ ಗೋಡೆಯೊಳಕ್ಕೆ ನುಗ್ಗುತ್ತವೆ. ಆಗ ಅದು ಕ್ಯಾನ್ಸರ್ ಎನಿಸಿಕೊಳ್ಳುತ್ತದೆ.

ಎಲ್ಲ ಗಡ್ಡೆಗಳೂ ಇದೇ ದಾರಿ ಹಿಡಿಯುವುದಿಲ್ಲ. ಎರಡನೆಯ ದಾರಿಯೊಂದನ್ನು ಮುಂದೆ ಹೇಳಿದೆ. ಆದರೆ ಹೆಚ್ಚಿನವು ಈ ದಾರಿಯಲ್ಲಿಯೇ ಹೋಗುತ್ತವೆ. ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಅಷ್ಟರೊಳಗೆ ಕೊಲೊನೋಸ್ಕೋಪಿ ಮಾಡಿ ಪಾಲಿಪ್ ತೆಗೆದುಹಾಕಿದರೆ ಆ ಗಂಟಿನಿಂದ ಕ್ಯಾನ್ಸರ್ ಬರುವುದನ್ನೇ ತಪ್ಪಿಸಬಹುದು.

ರೋಗದ ಹಂತಗಳು

ಮೊದಲನೆಯ ಹಂತದಲ್ಲಿ ಗಡ್ಡೆ ಕರುಳಿನ ಗೋಡೆಯ ಒಳಪದರಗಳಲ್ಲಿ ಅಥವಾ ಸ್ನಾಯು ಪದರದಲ್ಲಿ ಇರುತ್ತದೆ. ಎರಡನೆಯ ಹಂತದಲ್ಲಿ ಸ್ನಾಯು ಪದರವನ್ನು ದಾಟಿರುತ್ತದೆ. ಮೂರನೆಯ ಹಂತದಲ್ಲಿ ಹತ್ತಿರದ ದುಗ್ಧಗ್ರಂಥಿಗಳಿಗೆ ತಲುಪಿರುತ್ತದೆ. ನಾಲ್ಕನೆಯ ಹಂತದಲ್ಲಿ ಲಿವರ್ (ಯಕೃತ್ತು), ಶ್ವಾಸಕೋಶ ಮುಂತಾದ ದೂರದ ಅಂಗಗಳಿಗೆ ಹರಡಿರುತ್ತದೆ. ಕರುಳಿನ ರಕ್ತ ಮೊದಲು ಲಿವರ್‌ಗೆ ಹೋಗುವುದರಿಂದ ಅಲ್ಲಿಯೇ ಹೆಚ್ಚಾಗಿ ಹರಡುತ್ತದೆ.

ಅಮೆರಿಕದ ದಾಖಲೆಗಳ ಪ್ರಕಾರ ರೋಗ ಕರುಳಿನಲ್ಲಿಯೇ ಇರುವಾಗ ಪತ್ತೆಯಾದವರಲ್ಲಿ 100ಕ್ಕೆ ಸುಮಾರು 90 ಮಂದಿ 5 ವರ್ಷಗಳ ನಂತರವೂ ಬದುಕಿರುತ್ತಾರೆ. ದೂರಕ್ಕೆ ಹರಡಿದ ಮೇಲೆ ಈ ಪ್ರಮಾಣ ಬಹಳ ಕಡಿಮೆಯಾಗುತ್ತದೆ. ನಮ್ಮ ದೇಶದಲ್ಲಿ ಈ ರೋಗ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ. ಆದರೆ ಇಲ್ಲಿ ಚಿಕ್ಕ ವಯಸ್ಸಿನವರಲ್ಲಿಯೂ ಕಾಣುತ್ತದೆ. ಮಲದಲ್ಲಿ ರಕ್ತ ಬಂದಾಗ ಮೂಲವ್ಯಾಧಿ ಎಂದು ತಿಳಿದು ತಿಂಗಳುಗಟ್ಟಲೆ ನಾಟಿ ಔಷಧಿ ಮಾಡುತ್ತಾ ಕಾಲ ಕಳೆಯುವುದರಿಂದ ಅನೇಕರು ತಡವಾಗಿ ಬರುತ್ತಾರೆ.

ಗುರುತು ಪ್ರೋಟೀನು ಎಂದರೇನು?

ಗಡ್ಡೆಯ ಇರುವಿಕೆ ಅಥವಾ ಅದರ ಸ್ವಭಾವವನ್ನು ತಿಳಿಸುವ ಪ್ರೋಟೀನಿಗೆ ಗುರುತು ಪ್ರೋಟೀನು ಅಥವಾ ಟ್ಯೂಮರ್ ಮಾರ್ಕರ್ ಎನ್ನುತ್ತಾರೆ. ಇವುಗಳಲ್ಲಿ ಎರಡು ಬಗೆ. ಒಂದನ್ನು ರಕ್ತದಲ್ಲಿ ಅಳೆಯುತ್ತಾರೆ. ಇನ್ನೊಂದನ್ನು ಬಯಾಪ್ಸಿ ಅಥವಾ ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ತುಣುಕಿನ ಮೇಲೆ ನೋಡುತ್ತಾರೆ. ರಕ್ತದ ಗುರುತನ್ನು ಮತ್ತೆ ಮತ್ತೆ ಅಳೆಯಬೇಕು. ತುಣುಕಿನ ಗುರುತನ್ನು ಸಾಮಾನ್ಯವಾಗಿ ಒಮ್ಮೆ ಸರಿಯಾಗಿ ನೋಡಿದರೆ ಸಾಕು.

ರಕ್ತದ ಗುರುತು: ಸಿ.ಇ.ಎ.

1965ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಎಂಬ ವೈದ್ಯ ವಿಜ್ಞಾನಿಗಳು ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯಲ್ಲಿ ಒಂದು ಪ್ರೋಟೀನನ್ನು ಕಂಡುಹಿಡಿದರು. ಗರ್ಭದಲ್ಲಿರುವ ಶಿಶುವಿನ ಕರುಳಿನಲ್ಲಿಯೂ ಅದು ಇತ್ತು. ಆದ್ದರಿಂದ ಅದಕ್ಕೆ ಕಾರ್ಸಿನೋ ಎಂಬ್ರಿಯಾನಿಕ್ ಆಂಟಿಜೆನ್ ಎಂದು ಹೆಸರಿಟ್ಟರು. ಅದೇ ಸಿ.ಇ.ಎ.

ಆರೋಗ್ಯವಂತರ ಕರುಳಿನಲ್ಲಿಯೂ ಇದು ಸ್ವಲ್ಪ ಇರುತ್ತದೆ. ಕರುಳಿನ ಪೊಳ್ಳು ಭಾಗಕ್ಕೆ ಮುಖಮಾಡಿರುವ ಜೀವಕೋಶಗಳ ಮೇಲ್ಮೈಯಲ್ಲಿದ್ದು, ಮಲದ ಜೊತೆ ಹೊರಟುಹೋಗುತ್ತದೆ. ಕ್ಯಾನ್ಸರ್ ಗಡ್ಡೆಯಲ್ಲಿ ಜೀವಕೋಶಗಳ ಸಾಲು ಕೆಟ್ಟು, ಅವು ಸಿಕ್ಕ ದಿಕ್ಕಿಗೆ ತಿರುಗಿರುತ್ತವೆ. ಆಗ ಈ ಪ್ರೋಟೀನು ರಕ್ತದೊಳಕ್ಕೆ ಸೇರುತ್ತದೆ. ರಕ್ತದಿಂದ ಅದನ್ನು ತೆಗೆದುಹಾಕುವ ಕೆಲಸ ಲಿವರ್‌ನದು.

ಬೀಡಿ, ಸಿಗರೇಟು ಸೇದದವರಲ್ಲಿ ಸಿ.ಇ.ಎ. ಸಾಮಾನ್ಯವಾಗಿ ಒಂದು ಮಿಲಿಲೀಟರ್ ರಕ್ತರಸದಲ್ಲಿ 3 ನ್ಯಾನೋಗ್ರಾಂನ ಒಳಗೆ ಇರುತ್ತದೆ. ಸೇದುವವರಲ್ಲಿ 5ರವರೆಗೂ, ಕೆಲವರಲ್ಲಿ ಅದಕ್ಕೂ ಸ್ವಲ್ಪ ಹೆಚ್ಚಾಗಿಯೂ ಇರಬಹುದು. ಪ್ರತಿ ಲ್ಯಾಬಿನ ಮಿತಿ ಸ್ವಲ್ಪ ಬೇರೆ ಬೇರೆ. ವರದಿಯಲ್ಲಿ ಮುದ್ರಿಸಿರುವ ಮಿತಿಯನ್ನೇ ನೋಡಬೇಕು. ಈ ಪರೀಕ್ಷೆಗೆ ಉಪವಾಸ ಇರಬೇಕಾಗಿಲ್ಲ.

ಕ್ಯಾನ್ಸರ್ ಇಲ್ಲದಿದ್ದರೂ ಸಿ.ಇ.ಎ. ಹೆಚ್ಚಾಗಬಹುದು. ಅದಕ್ಕೆ ಕಾರಣಗಳು ಹೀಗಿವೆ:

– ಧೂಮಪಾನ
– ಲಿವರ್ ತೊಂದರೆ, ಕಾಮಾಲೆ (ತೆಗೆದುಹಾಕುವ ಅಂಗವೇ ದುರ್ಬಲವಾಗಿರುವುದರಿಂದ)
– ಕರುಳಿನ ಹುಣ್ಣು, ಉರಿಯೂತ
– ಮೇದೋಜೀರಕ ಗ್ರಂಥಿಯ ಊತ
– ಮೂತ್ರಪಿಂಡದ ವೈಫಲ್ಯ
– ದೀರ್ಘಕಾಲದ ಶ್ವಾಸಕೋಶದ ರೋಗ
– ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಿರುವುದು

ಇದಕ್ಕೆ ವಿರುದ್ಧವಾಗಿ, ಕ್ಯಾನ್ಸರ್ ಇದ್ದರೂ ಸಿ.ಇ.ಎ. ಏರದೆ ಇರಬಹುದು. ಆರಂಭದ ಹಂತದಲ್ಲಿ ಬಹಳ ಮಂದಿಯ ಅಂಕಿ ಮಿತಿಯೊಳಗೇ ಇರುತ್ತದೆ. ಕೆಲವು ಗಡ್ಡೆಗಳು ಈ ಪ್ರೋಟೀನನ್ನು ತಯಾರಿಸುವುದೇ ಇಲ್ಲ. ಆದ್ದರಿಂದ ಸಿ.ಇ.ಎ. ನೋಡಿ ಕ್ಯಾನ್ಸರ್ ಇದೆ ಎಂದಾಗಲಿ, ಇಲ್ಲ ಎಂದಾಗಲಿ ಹೇಳಲು ಬರುವುದಿಲ್ಲ. ರೋಗವನ್ನು ಖಚಿತಪಡಿಸುವುದು ಬಯಾಪ್ಸಿ ಮಾತ್ರ.

ಹಾಗಾದರೆ ಸಿ.ಇ.ಎ. ಏಕೆ ಮಾಡಿಸಬೇಕು?

ಆಪರೇಷನ್ನಿಗೆ ಮೊದಲು ಒಮ್ಮೆ ಮಾಡಿಸಿದರೆ ಮುಂದಿನ ಹೋಲಿಕೆಗೆ ಆಧಾರ ಸಿಗುತ್ತದೆ. ಗಡ್ಡೆಯನ್ನು ಪೂರ್ತಿ ತೆಗೆದ ಮೇಲೆ, ಮೊದಲು ಏರಿದ್ದ ಅಂಕಿ ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ಮಿತಿಯೊಳಗೆ ಇಳಿಯಬೇಕು. ಇಳಿಯದಿದ್ದರೆ ಎಲ್ಲಿಯಾದರೂ ರೋಗ ಉಳಿದಿದೆಯೇ ಎಂದು ವೈದ್ಯರು ಹುಡುಕುತ್ತಾರೆ. ಎರಡು ಮತ್ತು ಮೂರನೆಯ ಹಂತದ ರೋಗಿಗಳು ಮೊದಲ 2 ವರ್ಷ 3ರಿಂದ 6 ತಿಂಗಳಿಗೊಮ್ಮೆ, ನಂತರ 5 ವರ್ಷ ತುಂಬುವವರೆಗೆ 6 ತಿಂಗಳಿಗೊಮ್ಮೆ ಈ ಪರೀಕ್ಷೆ ಮಾಡಿಸುವುದು ರೂಢಿಯಲ್ಲಿದೆ.

ಒಂದು ಕಲ್ಪಿತ ಉದಾಹರಣೆ ನೋಡಿರಿ. 55 ವರ್ಷದ ರೈತರೊಬ್ಬರು, ಬೀಡಿ ಅಭ್ಯಾಸವಿಲ್ಲ, ಮೂರನೆಯ ಹಂತದ ಗಡ್ಡೆಗೆ ಆಪರೇಷನ್ ಆಗಿದೆ ಎಂದುಕೊಳ್ಳೋಣ. ಅವರ ಅಂಕಿಗಳು ಹೀಗಿವೆ:

ಆಪರೇಷನ್ನಿಗೆ ಮೊದಲು: 18.0
6 ವಾರಗಳ ನಂತರ: 2.4
10ನೇ ತಿಂಗಳು: 2.8
13ನೇ ತಿಂಗಳು: 2.3
16ನೇ ತಿಂಗಳು: 4.4
19ನೇ ತಿಂಗಳು: 7.9
ಮತ್ತೆ 3 ವಾರ ಬಿಟ್ಟು: 9.6

2.4, 2.8, 2.3 ಎಂಬ ಸಣ್ಣ ಏರಿಳಿತ ಸಹಜ. ಅದಕ್ಕೆ ಹೆದರಬೇಕಾಗಿಲ್ಲ. 16ನೇ ತಿಂಗಳ 4.4 ಎಂಬುದು 5ರ ಒಳಗೇ ಇದ್ದರೂ ಅವರ ಎಂದಿನ ಅಂಕಿಯ ಸುಮಾರು ಎರಡು ಪಟ್ಟು. ಹಳೆಯ ಕಾಗದಗಳು ಎದುರಿಗಿದ್ದರೆ ಮಾತ್ರ ಇದು ವೈದ್ಯರ ಕಣ್ಣಿಗೆ ಬೀಳುತ್ತದೆ. 7.9 ಬಂದಾಗ ಕೂಡಲೇ ಔಷಧಿ ಶುರು ಮಾಡುವುದಿಲ್ಲ. ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ. 9.6 ಬಂದ ಮೇಲೆ ಎದೆ, ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಲಿವರ್‌ನಲ್ಲಿ ಒಂದೇ ಒಂದು ಗಂಟು ಕಂಡಿತು ಎನ್ನೋಣ. ಅದನ್ನು ಆಪರೇಷನ್ ಮಾಡಿ ತೆಗೆಯಲು ಸಾಧ್ಯವಿರಬಹುದು. ಲಿವರ್ ಅಥವಾ ಶ್ವಾಸಕೋಶದಲ್ಲಿ ಸೀಮಿತವಾಗಿ ಮರುಕಳಿಸಿದ ರೋಗವನ್ನು ಪೂರ್ತಿ ತೆಗೆದಾಗ ಕೆಲವರು ಸಂಪೂರ್ಣ ಗುಣ ಹೊಂದುವುದೂ ಉಂಟು. ಹೊಟ್ಟೆ ನೋವು, ಕಾಮಾಲೆ ಕಾಣಿಸಿಕೊಂಡ ಮೇಲೆ ಬಂದರೆ ಆ ಅವಕಾಶ ಬಹುತೇಕ ತಪ್ಪಿಹೋಗಿರುತ್ತದೆ.

ಇಂಗ್ಲೆಂಡಿನ 39 ಆಸ್ಪತ್ರೆಗಳ 1202 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಲಕ್ಷಣ ಕಂಡಾಗ ಮಾತ್ರ ತಪಾಸಣೆ ಮಾಡಿದವರ ಗುಂಪಿನಲ್ಲಿ 100ಕ್ಕೆ 2.3 ಮಂದಿಗೆ, ಕ್ರಮವಾಗಿ ಸಿ.ಇ.ಎ. ಮಾಡಿಸಿದವರ ಗುಂಪಿನಲ್ಲಿ 100ಕ್ಕೆ 6.7 ಮಂದಿಗೆ, ಮರುಕಳಿಸಿದ ರೋಗವನ್ನು ಗುಣಪಡಿಸುವ ಉದ್ದೇಶದ ಆಪರೇಷನ್ ಮಾಡಲು ಸಾಧ್ಯವಾಯಿತು. ಆದರೆ ಒಟ್ಟು ಬದುಕುಳಿದವರ ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಲಾಭ ಎಲ್ಲರಿಗೂ ಸಿಗುವಂಥದಲ್ಲ. ಸಿಗುವವರು ಯಾರು ಎಂಬುದು ಮೊದಲೇ ತಿಳಿಯುವುದಿಲ್ಲವಾದ್ದರಿಂದ ಎಲ್ಲರೂ ತಪಾಸಣೆಗೆ ಬರಬೇಕಾಗುತ್ತದೆ.

ಸಿ.ಇ.ಎ. ಒಂದನ್ನೇ ನಂಬಿ ಕೂರುವುದೂ ಸರಿಯಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ, 5 ಎಂಬ ಮಿತಿಯನ್ನು ಇಟ್ಟುಕೊಂಡರೆ ಮರುಕಳಿಸಿದ 100 ಮಂದಿಯಲ್ಲಿ ಸುಮಾರು 71 ಮಂದಿಯನ್ನು ಅದು ಹಿಡಿಯುತ್ತದೆ, 29 ಮಂದಿಯಲ್ಲಿ ತಪ್ಪಿಹೋಗುತ್ತದೆ. ಆದ್ದರಿಂದಲೇ ವೈದ್ಯರು ಸ್ಕ್ಯಾನ್ ಹಾಗೂ ಆಪರೇಷನ್ ಆದ ಒಂದು ವರ್ಷಕ್ಕೆ ಕೊಲೊನೋಸ್ಕೋಪಿಯನ್ನೂ ಹೇಳುತ್ತಾರೆ.

ಗಡ್ಡೆಯ ತುಣುಕಿನ ಗುರುತು: ದುರಸ್ತಿ ಪ್ರೋಟೀನುಗಳು

ಜೀವಕೋಶ ಒಂದು ಎರಡಾಗುವಾಗ ತನ್ನ ಎಲ್ಲ ಜೀನ್‌ಗಳನ್ನೂ ನಕಲು ಮಾಡುತ್ತದೆ. ಬರೆಯುವಾಗ ಅಕ್ಷರ ತಪ್ಪಿದಂತೆ ಅಲ್ಲಿಯೂ ತಪ್ಪುಗಳಾಗುತ್ತವೆ. ಅವನ್ನು ತಿದ್ದಲು ನಾಲ್ಕು ಮುಖ್ಯ ಪ್ರೋಟೀನುಗಳಿವೆ: ಎಂ.ಎಲ್.ಎಚ್.1, ಎಂ.ಎಸ್.ಎಚ್.2, ಎಂ.ಎಸ್.ಎಚ್.6 ಮತ್ತು ಪಿ.ಎಂ.ಎಸ್.2. ಇವುಗಳಲ್ಲಿ ಒಂದು ಇಲ್ಲವಾದರೂ ತಪ್ಪುಗಳು ರಾಶಿ ಬೀಳುತ್ತವೆ. ಕ್ಯಾನ್ಸರ್ ಬೆಳೆಯುವ ಎರಡನೆಯ ದಾರಿ ಇದೇ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ 100 ಗಡ್ಡೆಗಳಲ್ಲಿ ಸುಮಾರು 15 ಈ ಬಗೆಯವು.

ಇಲ್ಲಿ ಒಂದು ಎಚ್ಚರಿಕೆ. ಈ ವರದಿಯಲ್ಲಿ 'ರಿಟೇನ್ಡ್' ಅಥವಾ 'ಇಂಟ್ಯಾಕ್ಟ್' ಎಂದಿದ್ದರೆ ಪ್ರೋಟೀನು ಇದೆ ಎಂದರ್ಥ. 'ಲಾಸ್' ಎಂದಿದ್ದರೆ ಆ ಪ್ರೋಟೀನು ಗಡ್ಡೆಯಲ್ಲಿ ಇಲ್ಲ ಎಂದರ್ಥ. ಬೇರೆ ಪರೀಕ್ಷೆಗಳಲ್ಲಿ 'ನೆಗೆಟಿವ್' ಎಂದರೆ ಒಳ್ಳೆಯದು ಎಂದು ನಾವು ರೂಢಿಯಿಂದ ತಿಳಿಯುತ್ತೇವೆ. ಇಲ್ಲಿ ಹಾಗೆ ಓದಬಾರದು. ನೀವಾಗಿಯೇ ಅರ್ಥ ಮಾಡಿಕೊಳ್ಳದೆ ವೈದ್ಯರನ್ನೇ ಕೇಳಿರಿ.

'ಲಾಸ್' ಎಂದು ಬಂದರೆ ಮೂರು ವಿಷಯಗಳಿಗೆ ಮಹತ್ವವಿದೆ.

1) ಎರಡನೆಯ ಹಂತದಲ್ಲಿ ಈ ಬಗೆಯ ಗಡ್ಡೆಗಳು ಮರುಕಳಿಸುವುದು ಕಡಿಮೆ. ಫ್ಲೋರೋಯುರಾಸಿಲ್ ಒಂದನ್ನೇ ಕೊಡುವುದರಿಂದ ಇವರಿಗೆ ಲಾಭವಿಲ್ಲ. ಆದ್ದರಿಂದ 'ಪಕ್ಕದ ಮಂಚದವರಿಗೆ ಕೀಮೋ ಕೊಟ್ಟರು, ನಮಗೆ ಕೊಡಲಿಲ್ಲ' ಎಂದು ಬೇಸರ ಪಡಬಾರದು. ಅದು ನಿರ್ಲಕ್ಷ್ಯವಲ್ಲ.

2) ತಪ್ಪುಗಳು ರಾಶಿ ಬಿದ್ದ ಗಡ್ಡೆಯು ದೇಹದ ರೋಗನಿರೋಧಕ ಶಕ್ತಿಗೆ ಪರಕೀಯವಾಗಿ ಕಾಣುತ್ತದೆ. ಆ ಶಕ್ತಿಗೆ ಬಿದ್ದಿರುವ ತಡೆಯನ್ನು ತೆಗೆಯುವ ಇಮ್ಯುನೋಥೆರಪಿ ಔಷಧಿಗಳು ಇಂಥವರಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಹರಡಿದ ರೋಗಕ್ಕೆ ಪೆಂಬ್ರೊಲಿಜುಮ್ಯಾಬ್ ಎಂಬ ಔಷಧಿಯನ್ನು 2020ರಲ್ಲಿ ಅಮೆರಿಕದಲ್ಲಿ ಮೊದಲ ಚಿಕಿತ್ಸೆಯಾಗಿಯೇ ಒಪ್ಪಲಾಯಿತು. 2022ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದ ವೈದ್ಯರು ಈ ಬಗೆಯ ಗುದನಾಳದ ಗಡ್ಡೆಯಿದ್ದ 12 ಮಂದಿಗೆ ಡೋಸ್ಟಾರ್ಲಿಮ್ಯಾಬ್ ಎಂಬ ಔಷಧಿ ಕೊಟ್ಟಾಗ, 12 ಮಂದಿಯಲ್ಲೂ ಗಡ್ಡೆ ಕಾಣದಂತಾಯಿತು ಎಂದು ವರದಿ ಮಾಡಿದರು. ಈ ಔಷಧಿಗಳ ಬೆಲೆ ಬಹಳ ಹೆಚ್ಚು. ಪ್ರೋಟೀನುಗಳೆಲ್ಲ ಇರುವ ಸಾಮಾನ್ಯ ಗಡ್ಡೆಗಳಿಗೆ ಇವು ಹೆಚ್ಚಾಗಿ ಉಪಯೋಗಕ್ಕೆ ಬರುವುದಿಲ್ಲ. ಪತ್ರಿಕೆಯಲ್ಲಿ ಸುದ್ದಿ ಓದಿ ಹೊಲ ಮಾರಿ ಔಷಧಿ ತರುವ ಮೊದಲು ನಿಮ್ಮ ವರದಿಯನ್ನು ತೋರಿಸಿ ಕೇಳಿರಿ.

3) ಇದು ವಂಶದಲ್ಲಿ ಬಂದ ದೋಷವಿರಬಹುದು. ಇದನ್ನು ಮುಂದೆ ವಿವರಿಸಿದೆ.

ಕೆ-ರಾಸ್, ಎನ್-ರಾಸ್, ಬಿ-ರಾಫ್

ರೋಗ ಹರಡಿದವರಲ್ಲಿ ಈ ಪರೀಕ್ಷೆಗಳನ್ನು ಔಷಧಿಯ ಆಯ್ಕೆಗಾಗಿ ಮಾಡುತ್ತಾರೆ. ಸೆಟುಕ್ಸಿಮ್ಯಾಬ್, ಪ್ಯಾನಿಟುಮುಮ್ಯಾಬ್ ಎಂಬ ಇಂಜೆಕ್ಷನ್‌ಗಳು ಜೀವಕೋಶದ ಹೊರಮೈಯಲ್ಲಿರುವ ಇ.ಜಿ.ಎಫ್.ಆರ್. ಎಂಬ ಪ್ರೋಟೀನನ್ನು ತಡೆಯುತ್ತವೆ. ಒಳಗಿನ ರಾಸ್ ಸ್ವಿಚ್ಚು ಚಾಲೂ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೆ ಹೊರಗಿನಿಂದ ಎಷ್ಟು ತಡೆದರೂ ಪ್ರಯೋಜನವಿಲ್ಲ. 2008ರ ಸುಮಾರಿಗೆ ಇದು ಖಚಿತವಾಯಿತು. 100 ಗಡ್ಡೆಗಳಲ್ಲಿ ಸುಮಾರು 40ರಲ್ಲಿ ಕೆ-ರಾಸ್ ಕೆಟ್ಟಿರುತ್ತದೆ. ಅಂಥವರಿಗೆ ಈ ಇಂಜೆಕ್ಷನ್ ಕೊಡದೆ ಹಣವನ್ನೂ ಅಡ್ಡ ಪರಿಣಾಮವನ್ನೂ ಉಳಿಸಬಹುದು.

ಬಿ-ರಾಫ್ ಕೆಟ್ಟಿರುವ ಗಡ್ಡೆಗಳು ಹರಡಿದಾಗ ವೇಗವಾಗಿ ಬೆಳೆಯುವ ಸ್ವಭಾವದವು. ಅವಕ್ಕೂ ಈಗ ಬೇರೆ ಗುರಿ ಔಷಧಿಗಳಿವೆ. ಪಿ53, ಕೆ.ಐ.67 ಎಂಬ ಹೆಸರುಗಳೂ ವರದಿಯಲ್ಲಿರಬಹುದು. ಕೆ.ಐ.67 ಎಂಬುದು ಎಷ್ಟು ಜೀವಕೋಶಗಳು ವೃದ್ಧಿಯಲ್ಲಿವೆ ಎಂಬುದನ್ನು ತೋರಿಸುತ್ತದೆ. ಕರುಳಿನ ಕ್ಯಾನ್ಸರಿನಲ್ಲಿ ಇವೆರಡರ ಮೇಲೆ ಚಿಕಿತ್ಸೆ ನಿರ್ಧಾರವಾಗುವುದಿಲ್ಲ. ಅವುಗಳ ಅಂಕಿ ನೋಡಿ ನಿದ್ದೆಗೆಡಬೇಕಾಗಿಲ್ಲ.

ಮನೆಯವರು ತಿಳಿಯಬೇಕಾದದ್ದು

1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಆಲ್ಡ್ರೆಡ್ ವಾರ್ಥಿನ್ ಎಂಬ ವೈದ್ಯರಿಗೆ ಅವರ ಬಟ್ಟೆ ಹೊಲಿಯುವ ಹೆಣ್ಣುಮಗಳು, ತನ್ನ ಮನೆತನದ ಅನೇಕರಂತೆ ತಾನೂ ಚಿಕ್ಕ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ಸಾಯುವೆನೆಂದು ಹೇಳಿಕೊಂಡಳು. ಆಕೆಗೆ ಗರ್ಭಕೋಶದ ಕ್ಯಾನ್ಸರ್ ಬಂದು ತೀರಿಕೊಂಡಳು. ವಾರ್ಥಿನ್ ಆ ಮನೆತನದ ವಿವರಗಳನ್ನು ಕಲೆಹಾಕಿ 1913ರಲ್ಲಿ ಪ್ರಕಟಿಸಿದರು. ಮುಂದೆ ಹೆನ್ರಿ ಲಿಂಚ್ ಎಂಬ ವೈದ್ಯರು ಇಂಥ ಕುಟುಂಬಗಳನ್ನು ವಿವರವಾಗಿ ಅಭ್ಯಾಸ ಮಾಡಿದ್ದರಿಂದ ಇದಕ್ಕೆ ಲಿಂಚ್ ಸಿಂಡ್ರೋಮ್ ಎಂಬ ಹೆಸರು ಬಂತು. 1993ರಲ್ಲಿ ಇದಕ್ಕೆ ಕಾರಣವಾದ ಎಂ.ಎಸ್.ಎಚ್.2 ಜೀನ್ ಪತ್ತೆಯಾಯಿತು. ಮೇಲೆ ಹೇಳಿದ ದುರಸ್ತಿ ಪ್ರೋಟೀನುಗಳಲ್ಲಿ ಒಂದರ ಜೀನ್ ಹುಟ್ಟಿನಿಂದಲೇ ಕೆಟ್ಟಿರುವುದೇ ಈ ರೋಗದ ಮೂಲ.

ದುರಸ್ತಿ ಪ್ರೋಟೀನು ಇಲ್ಲದ ಗಡ್ಡೆಗಳೆಲ್ಲ ವಂಶದಿಂದ ಬಂದವಲ್ಲ. ಹೆಚ್ಚಿನವು ವಯಸ್ಸಾದವರಲ್ಲಿ ಎಂ.ಎಲ್.ಎಚ್.1 ಜೀನ್ ತಾನಾಗಿ ಮುಚ್ಚಿಹೋಗಿ ಆಗುವಂಥವು. ಯಾವುದು ಎಂಬುದನ್ನು ಮುಂದಿನ ಪರೀಕ್ಷೆಗಳಿಂದ ತಿಳಿಯಬೇಕು. ವಂಶದ ದೋಷವೆಂದು ರಕ್ತದ ಜೀನ್ ಪರೀಕ್ಷೆಯಲ್ಲಿ ಖಚಿತವಾದರೆ ರೋಗಿಯ ಪ್ರತಿಯೊಬ್ಬ ಮಗ, ಮಗಳಿಗೂ ಅದು ಬಂದಿರುವ ಸಂಭವ ನೂರಕ್ಕೆ 50. ಅಣ್ಣ ತಮ್ಮ, ಅಕ್ಕ ತಂಗಿಯರಿಗೂ ಪರೀಕ್ಷೆ ಬೇಕು. ಹೆಣ್ಣುಮಕ್ಕಳಲ್ಲಿ ಗರ್ಭಕೋಶ, ಅಂಡಾಶಯದ ಕ್ಯಾನ್ಸರಿನ ಅಪಾಯವೂ ಉಂಟು. ಇವರಲ್ಲಿ ಪಾಲಿಪ್‌ನಿಂದ ಕ್ಯಾನ್ಸರ್ ಆಗಲು 10 ವರ್ಷ ಬೇಕಾಗುವುದಿಲ್ಲ, 1ರಿಂದ 3 ವರ್ಷಗಳಲ್ಲಿಯೇ ಆಗಬಹುದು. ಆದ್ದರಿಂದ ಸಾಮಾನ್ಯವಾಗಿ 20–25 ವಯಸ್ಸಿನಿಂದ 1–2 ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿಸಬೇಕೆಂದು ಹೇಳುತ್ತಾರೆ.

'ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತು' ಎಂದು ಈ ವಿಷಯವನ್ನು ಮುಚ್ಚಿಡುವ ಮನೆಗಳಿವೆ. ಮುಚ್ಚಿಟ್ಟರೆ ದೋಷ ಹೋಗುವುದಿಲ್ಲ, ತಪ್ಪಿಸಬಹುದಾಗಿದ್ದ ರೋಗ ಮಾತ್ರ ಬರುತ್ತದೆ. ಇದು ಸೋಂಕಲ್ಲ, ಯಾರ ಪಾಪದ ಫಲವೂ ಅಲ್ಲ. ವರದಿಯಲ್ಲಿ ವಂಶದ ದೋಷ ಇಲ್ಲದಿದ್ದರೂ ರೋಗಿಯ ಒಡಹುಟ್ಟಿದವರು ಮತ್ತು ಮಕ್ಕಳು 40ನೇ ವಯಸ್ಸಿನಲ್ಲಿ, ಅಥವಾ ರೋಗಿಗೆ ರೋಗ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲೇ, ಯಾವುದು ಮುಂಚೆಯೋ ಆಗ ತಪಾಸಣೆ ಮಾಡಿಸಿಕೊಳ್ಳುವುದು ಉತ್ತಮ.

ರೋಗಿಗಳು ಕೇಳುವ ಪ್ರಶ್ನೆಗಳು

ಪ್ರಶ್ನೆ: ರಕ್ತದಲ್ಲಿ ಪ್ರೋಟೀನು ಹೆಚ್ಚಾಗಿದೆ ಎಂದರೆ ಬೇಳೆ, ಹಾಲು ಬಿಡಬೇಕೆ?
ಉತ್ತರ: ಬೇಡ. ಸಿ.ಇ.ಎ. ಊಟದಿಂದ ಬರುವುದಲ್ಲ. ಚಿಕಿತ್ಸೆಯ ಕಾಲದಲ್ಲಿ ದೇಹಕ್ಕೆ ಬಲ ಬೇಕು. ತೊಗರಿಬೇಳೆ, ಹೆಸರುಕಾಳು, ಹಾಲು, ಮೊಸರನ್ನು ಬಿಟ್ಟು ರೋಗಿಯನ್ನು ನಿತ್ರಾಣ ಮಾಡಬೇಡಿರಿ.

ಪ್ರಶ್ನೆ: ಕೀಮೋ ಶುರುವಾದ ಮೇಲೆ ಸಿ.ಇ.ಎ. ಏರಿತು. ಔಷಧಿ ಹಿಡಿಯಲಿಲ್ಲವೆ?
ಉತ್ತರ: ಮೊದಲ 4ರಿಂದ 6 ವಾರಗಳಲ್ಲಿ, ಮುಖ್ಯವಾಗಿ ಆಕ್ಸಾಲಿಪ್ಲಾಟಿನ್ ಕೊಟ್ಟಾಗ, ಅಂಕಿ ತಾತ್ಕಾಲಿಕವಾಗಿ ಏರಬಹುದು. ಆ ಒಂದು ಅಂಕಿ ನೋಡಿ ಚಿಕಿತ್ಸೆ ನಿಲ್ಲಿಸಬಾರದು.

ಪ್ರಶ್ನೆ: ನಮಗೆ ರೋಗವಿಲ್ಲ. ಮುನ್ನೆಚ್ಚರಿಕೆಗಾಗಿ ಸಿ.ಇ.ಎ. ಮಾಡಿಸಬಹುದೆ?
ಉತ್ತರ: ಅದರಿಂದ ಉಪಯೋಗವಿಲ್ಲ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹಿಡಿಯುವ ಫಿಟ್ ಎಂಬ ಮಲ ಪರೀಕ್ಷೆ ಹಾಗೂ ಕೊಲೊನೋಸ್ಕೋಪಿ ಅದಕ್ಕೆ ಸರಿಯಾದವು. ಮಲದಲ್ಲಿ ರಕ್ತ, ಮಲವಿಸರ್ಜನೆಯ ರೂಢಿ ಬದಲಾಗಿ ಕೆಲವು ವಾರ ಹಾಗೆಯೇ ಇರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇದ್ದರೆ ತಡಮಾಡದೆ ಬನ್ನಿರಿ.

ಪ್ರಶ್ನೆ: ಬಯಾಪ್ಸಿಗೆ ತುಣುಕು ತೆಗೆದರೆ ರೋಗ ಹರಡುವುದೆ?
ಉತ್ತರ: ಕೊಲೊನೋಸ್ಕೋಪಿಯಲ್ಲಿ ತುಣುಕು ತೆಗೆಯುವುದರಿಂದ ರೋಗ ಹರಡುವುದಿಲ್ಲ. ತುಣುಕು ಇಲ್ಲದೆ ದುರಸ್ತಿ ಪ್ರೋಟೀನುಗಳಂಥ ಗುರುತನ್ನು ನೋಡಲಾಗದು.

ಪ್ರಶ್ನೆ: ಅಂಕಿ ಏರಿರುವುದನ್ನು ರೋಗಿಗೆ ಹೇಳಬೇಕೆ?
ಉತ್ತರ: ಅಪ್ಪನಿಗೆ, ಅವ್ವನಿಗೆ ತಿಳಿದರೆ ಎದೆಗುಂದಿಯಾರು ಎಂದು ಮಕ್ಕಳು ವರದಿಯನ್ನು ಅಡಗಿಸಿಡುವುದು ಪ್ರೀತಿಯಿಂದಲೇ. ಆದರೆ ಸ್ಕ್ಯಾನಿಗೆ ಹೋಗಬೇಕಾದವರು, ಆಪರೇಷನ್ನಿಗೆ ಒಪ್ಪಿಗೆ ಕೊಡಬೇಕಾದವರು ಅವರೇ. ಅರ್ಧ ತಿಳಿದ ರೋಗಿ ಹೆಚ್ಚು ಹೆದರುತ್ತಾರೆ. ಹೇಗೆ ಹೇಳುವುದು ಎಂದು ತೋಚದಿದ್ದರೆ ವೈದ್ಯರ ಎದುರಿಗೆ ಅವರನ್ನೂ ಕೂರಿಸಿಕೊಂಡು ನಿಧಾನವಾಗಿ ಮಾತನಾಡಿರಿ.

ನೀವು ಪಾಲಿಸಬೇಕಾದ ಅಂಶಗಳು

1) ಸಿ.ಇ.ಎ. ಪರೀಕ್ಷೆಯನ್ನು ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿರಿ. ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ.

2) ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಅಂಕಿ, ಲ್ಯಾಬಿನ ಹೆಸರನ್ನು ಸಾಲಾಗಿ ಬರೆದಿಡಿರಿ. ಹಳೆಯ ವರದಿಯನ್ನು ಎಸೆಯಬೇಡಿರಿ.

3) ಪರೀಕ್ಷೆಯ ದಿನಗಳಲ್ಲಿ ಜ್ವರ, ಕಾಮಾಲೆ ಇದ್ದರೆ, ಬೀಡಿ ಸೇದುತ್ತಿದ್ದರೆ, ಬೇರೆ ಮಾತ್ರೆ ಅಥವಾ ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮರೆಮಾಚದೆ ತಿಳಿಸಿರಿ.

4) ಗಡ್ಡೆಯ ತುಣುಕನ್ನು ಮೇಣದ ಬ್ಲಾಕ್ ರೂಪದಲ್ಲಿ ಲ್ಯಾಬಿನಲ್ಲಿ ಇಟ್ಟಿರುತ್ತಾರೆ. ಬೆಂಗಳೂರು, ಹುಬ್ಬಳ್ಳಿ ಮುಂತಾದ ಕಡೆ ಮುಂದಿನ ಚಿಕಿತ್ಸೆಗೆ ಹೋಗುವಾಗ ಅದನ್ನು ಕೇಳಿ ಪಡೆಯಿರಿ. ಬಿಸಿಲಿಗೆ, ಕಾದ ವಾಹನದೊಳಗೆ ಇಟ್ಟರೆ ಮೇಣ ಕರಗುತ್ತದೆ. ಜೋಪಾನವಾಗಿ ಒಯ್ಯಿರಿ.

5) ಆಪರೇಷನ್ ಆದವರು ವರದಿಯಲ್ಲಿ ಎಷ್ಟು ದುಗ್ಧಗ್ರಂಥಿಗಳನ್ನು ಪರೀಕ್ಷಿಸಿದ್ದಾರೆ ಎಂದು ಕೇಳಿರಿ. ಕನಿಷ್ಠ 12 ನೋಡಿದ್ದರೆ ಹಂತ ನಿರ್ಧಾರಕ್ಕೆ ಹೆಚ್ಚು ಭರವಸೆ.

6) ಬಿ.ಪಿ.ಎಲ್. ಕಾರ್ಡ್ ಇರುವ ಕುಟುಂಬಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವಿದೆ. ಯಾವ ಪರೀಕ್ಷೆ, ಯಾವ ಔಷಧಿ ಅದರಲ್ಲಿ ಸೇರಿದೆ ಎಂದು ಮೊದಲೇ ವಿಚಾರಿಸಿರಿ.

7) ಆರಾಮ ಇದೆ, ಊಟ ಸೇರುತ್ತಿದೆ ಎಂದು ತಪಾಸಣೆ ತಪ್ಪಿಸಬೇಡಿರಿ. ಸುಗ್ಗಿ, ಮದುವೆ, ಜಾತ್ರೆ ಏನಿದ್ದರೂ ದಿನಾಂಕವನ್ನು ಒಂದೆರಡು ವಾರಕ್ಕಿಂತ ಹೆಚ್ಚು ಮುಂದೂಡಬೇಡಿರಿ.

ಗಡ್ಡೆ ಬೆಳೆಯಲು ವರ್ಷಗಳನ್ನು ತೆಗೆದುಕೊಂಡಿದೆ. ಅದರ ಮೇಲೆ ನಿಗಾ ಇಡಲೂ ವರ್ಷಗಳ ತಾಳ್ಮೆ ಬೇಕು. ಮುಂದಿನ ಸಲ ಬರುವಾಗ ನಿಮ್ಮ ನೋಟ್‌ಬುಕ್ಕನ್ನು ಮರೆಯದೆ ತನ್ನಿರಿ. ಅರ್ಥವಾಗದ ಪದವಿದ್ದರೆ ಅದರ ಕೆಳಗೆ ಗೆರೆ ಎಳೆದು ತಂದು, ಸಂಕೋಚಪಡದೆ ಕೇಳಿರಿ.